ಲೋಳೆಸರ: ಒಂದೇ ಎಲೆ, ಎರಡು ರಸ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮನೆಯಂಗಳದ ಔಷಧಿ ಗಿಡಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಲೋಳೆಸರದವೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಸಸ್ಯಶಾಸ್ತ್ರ, ವೈದ್ಯ, ಪಶುವೈದ್ಯ, ತೋಟಗಾರಿಕೆ ಬಲ್ಲವರು ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಹೊಲದ ಬದುವಿನ ಮ್ಯಾಲ ಮುಳ್ಳಿನ ದಪ್ಪ ಎಲಿ ಗಿಡ ಸಾಲಾಗಿ ಬೆಳದಾವ. ನಮ್ಮ ಮನ್ಯಾಗ ಲೋಳಸರ ಅಂತಾರ, ಬಾಜು ಹೊಲದವರು ಕತ್ತಾಳಿ ಅಂತಾರ. ಎಲಿ ಮುರದು ಕೈಗೆ ಹಚ್ಚಿಕೊಂಡ್ರ ಉರಿ, ತುರಿಕಿ ಎದ್ದದ. ಯಾವುದು ಖರೆ? (ಚಿತ್ತಾಪುರ)

ಉತ್ತರ: ಬಾಜು ಹೊಲದವರು ಹೇಳಿದ್ದೇ ಖರೆ. ಬದುವಿಗೆ ಬೇಲಿಯಾಗಿ ಬೆಳೆದಿರುವುದು ಕತ್ತಾಳೆ. ಅದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಉಜ್ಜಿದಷ್ಟೂ ಅವು ಚರ್ಮದೊಳಗೆ ಹೋಗುತ್ತವೆ. ಆದ್ದರಿಂದ ತುರಿಸದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಗುರುತು ಹಿಡಿಯುವುದು ಸುಲಭ. ಎಲೆಯನ್ನು ಅಡ್ಡ ಮುರಿಯಿರಿ. ಕತ್ತಾಳೆ ಪಟ್ಟನೆ ಮುರಿಯುವುದಿಲ್ಲ, ಒಳಗಿನ ನಾರು ಜಗ್ಗುತ್ತದೆ. ಹಗ್ಗ ಹೊಸೆಯುವುದು ಆ ನಾರಿನಿಂದಲೇ. ಲೋಳೆಸರದಲ್ಲಿ ನಾರಿಲ್ಲ. ಮುರಿದ ಕಡೆ ಮೊದಲು ಸಿಪ್ಪೆಯ ಅಂಚಿನಿಂದ ಹಳದಿ ಸೊನೆ ಒಸರುತ್ತದೆ, ನಡುವೆ ಗಾಜಿನಂತೆ ತಿಳಿಯಾದ ಲೋಳೆ ಕಾಣುತ್ತದೆ. ಕತ್ತಾಳೆಯ ಎಲೆತುದಿಯಲ್ಲಿ ಕಪ್ಪು ಮುಳ್ಳು ದಬ್ಬಣದಷ್ಟು ಗಟ್ಟಿ. ಲೋಳೆಸರದ ಅಂಚಿನ ಹಲ್ಲುಗಳು ಬೆರಳಲ್ಲಿ ಒತ್ತಿದರೆ ಬಾಗುತ್ತವೆ. ಕತ್ತಾಳೆ ಎಷ್ಟೋ ವರ್ಷ ಸುಮ್ಮನಿದ್ದು, ಆಳೆತ್ತರ ಮೀರಿದ ಕಂಬದಂಥ ಹೂಗೊಂಚಲನ್ನು ಒಂದೇ ಸಲ ಎತ್ತಿ ಸತ್ತುಹೋಗುತ್ತದೆ. ಬಲಿತ ಲೋಳೆಸರ ವರ್ಷವರ್ಷವೂ ಎರಡು ಮೂರಡಿ ದಂಟಿನಲ್ಲಿ ಹೂಬಿಟ್ಟು ಬದುಕಿಯೇ ಇರುತ್ತದೆ.

ಎರಡಕ್ಕೂ ನಂಟು ಬಲು ದೂರದ್ದು. ಕತ್ತಾಳೆಯ ತವರು ಅಮೆರಿಕ ಖಂಡ, ಕುಟುಂಬ ಶತಾವರಿಯದು. ಲೋಳೆಸರದ ತವರು ಅರಬಸ್ತಾನದ ಒಣ ಬೆಟ್ಟಗಳು, ಕುಟುಂಬ ಆಸ್ಫೋಡೆಲೇಸಿ. ಹಳೆಯ ಪಠ್ಯಪುಸ್ತಕಗಳಲ್ಲಿ ಇದನ್ನು ಲಿಲಿ ಕುಟುಂಬ ಎಂದು ಬರೆದಿರುತ್ತಾರೆ. ನೀರಿಲ್ಲದ ನೆಲದಲ್ಲಿ ಬದುಕಲು ಎರಡೂ ಒಂದೇ ಉಪಾಯ ಹಿಡಿದದ್ದರಿಂದ ಆಕಾರ ಹೋಲುತ್ತದೆ, ಅಷ್ಟೇ. ನರ್ಸರಿಯಲ್ಲಿ ಕೊಳ್ಳುವಾಗ ಇನ್ನೊಂದು ಮಾತು ನೆನಪಿರಲಿ. ಆಲೋ ಜಾತಿಯಲ್ಲಿ 500ಕ್ಕೂ ಹೆಚ್ಚು ಬಗೆಗಳಿವೆ, ಅಂದಕ್ಕೆ ಮಾರುವ ಎಷ್ಟೋ ಗಿಡಗಳು ಔಷಧಿಗೆ ಬರುವುದಿಲ್ಲ. ಔಷಧಿಯ ಲೋಳೆಸರದ ಎಲೆ ಬಲಿತಾಗ ಒಂದೂವರೆ ಅಡಿ ಉದ್ದ, ಬೂದಿ ಬೆರೆತ ಹಸಿರು, ಹೂ ಸಾಮಾನ್ಯವಾಗಿ ಹಳದಿ. ಮರಿಗಿಡದಲ್ಲಿ ಬಿಳಿ ಚುಕ್ಕೆ ಇದ್ದರೆ ಗಾಬರಿ ಬೇಡ, ಬೆಳೆದಂತೆ ಮಾಸುತ್ತವೆ.

ಪ್ರಶ್ನೆ: ಮನೆಯಲ್ಲೇ ಬೆಳೆದ ಗಿಡದ ಲೋಳೆ ತೆಗೆದರೆ ವಿಪರೀತ ಕಹಿ. ಒಂದು ತಾಸಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯದು ಹಾಗಾಗುವುದಿಲ್ಲ. ನಮ್ಮ ಗಿಡವೇ ಕೆಟ್ಟದ್ದೇ? (ಕಲಬುರಗಿ)

ಉತ್ತರ: ಗಿಡ ಚೆನ್ನಾಗಿದೆ, ತೆಗೆಯುವ ಕ್ರಮ ತಪ್ಪಿದೆ. ನಿಮ್ಮ ಲೋಳೆಯಲ್ಲಿ ಹಳದಿ ಸೊನೆ ಬೆರೆತಿದೆ. ಲೋಳೆಸರದ ಬಗ್ಗೆ ಬರುವ ಮುಕ್ಕಾಲು ಪಾಲು ದೂರುಗಳ ಮೂಲ ಇದೇ. ಆದ್ದರಿಂದ ಎಲೆಯ ಒಳರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಹೊರಗೆ ಮೇಣದ ಪದರವಿರುವ ಗಟ್ಟಿ ಸಿಪ್ಪೆ. ಸಿಪ್ಪೆಗೆ ಹತ್ತಿಕೊಂಡೇ ಹಸಿರು ಕೋಶಗಳ ತೆಳು ಪದರ. ಅದರ ಒಳಮಗ್ಗುಲಲ್ಲಿ ನೀರು, ಆಹಾರ ಸಾಗಿಸುವ ಸಣ್ಣ ನಾಳಗಳ ಸಾಲು. ಹಳದಿ ಸೊನೆ ಇರುವುದು ಈ ನಾಳಗಳ ಪಕ್ಕದ ಕೋಶಗಳಲ್ಲಿ ಮಾತ್ರ. ಅದರಲ್ಲಿನ ಮುಖ್ಯ ವಸ್ತು ಅಲೋಯಿನ್: ಕಡು ಕಹಿ, ಭೇದಿ ತರಿಸುವಂಥದ್ದು. ಎಲೆ ತಿನ್ನಲು ಬಂದ ಪ್ರಾಣಿಯನ್ನು ಓಡಿಸಲು ಗಿಡ ಅದನ್ನು ಸಿಪ್ಪೆಯ ಹತ್ತಿರವೇ ಇಟ್ಟುಕೊಂಡಿದೆ. ಎಲೆಯ ನಡುಭಾಗವೆಲ್ಲ ನೀರು ಕೂಡಿಡುವ ದೊಡ್ಡ ಕೋಶಗಳು. ಅದೇ ತಿಳಿ ಲೋಳೆ. ಇದರಲ್ಲಿ ಸುಮಾರು 99 ಪಾಲು ನೀರು. ಉಳಿದ ಒಂದು ಪಾಲಿನಲ್ಲಿ ಅಸಿಮ್ಯಾನನ್ ಎಂಬ ಸಕ್ಕರೆಸರಪಳಿ, ಖನಿಜ, ಆಮ್ಲಗಳು. ತಿಳಿ ಲೋಳೆಗೆ ಕಹಿ ಇಲ್ಲ, ಹೆಚ್ಚುಕಡಿಮೆ ಸಪ್ಪೆ. ಗುಲಾಬಿ ಬಣ್ಣ ಬರುವುದು ಸೊನೆಗೆ ಗಾಳಿ ತಾಕಿದ್ದರಿಂದ.

ಇನ್ನು ಕ್ರಮ. ಎರಡು ಮೂರು ವರ್ಷದ ಗಿಡದ ತೀರ ಕೆಳಗಿನ, ಒಂದಡಿಗಿಂತ ಉದ್ದದ ಎಲೆ ಆರಿಸಿ. ನಡುವಿನ ಎಳೆ ಎಲೆಗಳಿಗೆ ಕೈ ಹಚ್ಚಬೇಡಿ, ಬೆಳವಣಿಗೆಯ ಸುಳಿ ಅಲ್ಲಿದೆ. ಚಾಕು ತೊಳೆದು, ಕಾಂಡಕ್ಕೆ ಅಂಟಿದ ಬಿಳಿ ಬುಡದ ಸಮೇತ ಎಲೆ ತೆಗೆಯಿರಿ. ಮನೆಗೆ ತಂದ ಮೇಲೆ ಬುಡದಿಂದ ಒಂದಿಂಚು, ತುದಿಯಿಂದ ಎರಡು ಮೂರಿಂಚು ಕತ್ತರಿಸಿ ಬಿಸಾಡಿ. ಈ ಎರಡು ಕಡೆ ಸೊನೆ ಹೆಚ್ಚು. ಕತ್ತರಿಸಿದ ಬುಡ ಕೆಳಗಾಗುವಂತೆ ಒಂದು ಡಬರಿಯಲ್ಲಿ ಓರೆಯಾಗಿ ನಿಲ್ಲಿಸಿ ಅರ್ಧ ತಾಸು ಬಿಡಿ. ಹಳದಿ ನೀರು ಕೆಳಗೆ ಇಳಿಯುತ್ತದೆ. ಎಲೆ ತೊಳೆದು, ಎರಡೂ ಅಂಚಿನ ಮುಳ್ಳಿನ ಪಟ್ಟಿ ಸವರಿ ತೆಗೆಯಿರಿ. ಆಮೇಲೆ ಸಿಪ್ಪೆ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಎಲೆಯನ್ನು ಸೀಳಿ ಚಮಚದಿಂದ ಗೀರಿ ಗೀರಿ ಲೋಳೆ ತೆಗೆಯುತ್ತಾರೆ. ಚಮಚ ಸಿಪ್ಪೆಗೆ ತಾಕಿದಾಗೆಲ್ಲ ಆ ನಾಳಗಳು ಒಡೆದು ಸೊನೆ ಲೋಳೆಗೆ ಸೇರುತ್ತದೆ. ಅದರ ಬದಲು ಚಾಕುವನ್ನು ಅಡ್ಡ ಮಲಗಿಸಿ, ಸಿಪ್ಪೆಯ ಜೊತೆ ಕಾಳಿನಷ್ಟು ದಪ್ಪ ಲೋಳೆಯೂ ಹೋದರೆ ಹೋಗಲಿ ಎಂದು ಧಾರಾಳವಾಗಿ ಸಿಪ್ಪೆ ತೆಗೆಯಿರಿ. ನಡುವಿನ ಗಾಜಿನಂಥ ತುಂಡು ಇಡಿಯಾಗಿ ಸಿಗಬೇಕು. ಅದನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಇಟ್ಟು ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಿ. ನೀರಿಗೆ ಹಳದಿ ಬಣ್ಣ ಬರುವುದು ನಿಂತಾಗ ಒಂದು ಚೂರನ್ನು ನಾಲಿಗೆಗೆ ತಾಕಿಸಿ ನೋಡಿ. ಕಹಿ ಇದ್ದರೆ ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ತೆಗೆದ ಲೋಳೆ ಬೇಗ ಕೆಡುತ್ತದೆ. ಗಾಜಿನ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಸಂಜೆಯೊಳಗೆ ನೀರಾಗಿ ಹುಳಿವಾಸನೆ ಬರುತ್ತದೆ. ಅಂಗಡಿಯ ಡಬ್ಬಿಯದು ವರ್ಷಗಟ್ಟಲೆ ಉಳಿಯುವುದು ಅದಕ್ಕೆ ಹಾಕಿದ ಸಂರಕ್ಷಕಗಳಿಂದ. ಹಚ್ಚಲು ಮಾರುವ ಆ ಜೆಲ್ಲಿನಲ್ಲಿ ಬಣ್ಣ, ಸುವಾಸನೆಯೂ ಇರುತ್ತವೆ, ಅದನ್ನು ಎಂದೂ ಕುಡಿಯಬಾರದು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಲೋಳೆಸರದ ರಸ ಕುಡಿದರೆ ಗುಳಿಗೆ ಬಿಡಬಹುದು ಎಂದು ಮೊಬೈಲಿನಲ್ಲಿ ನೋಡಿದೆ. ದಿನಕ್ಕೆ ಎಷ್ಟು ಕುಡಿಯಲಿ? (ಯಾದಗಿರಿ)

ಉತ್ತರ: ಗುಳಿಗೆ ಬಿಡಬೇಡಿ. ಲೋಳೆಯಿಂದ ಖಾಲಿಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಗುಳಿಗೆಯ ಜಾಗದಲ್ಲಿ ನಿಲ್ಲುವಷ್ಟು ಬಲವಾದ ಪುರಾವೆ ಅದಲ್ಲ. ಅಪಾಯ ಎರಡು ದಿಕ್ಕಿನಿಂದ ಬರುತ್ತದೆ. ಗ್ಲಿಮಿಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನೂ ಕುಡಿದರೆ ಸಕ್ಕರೆ ತೀರ ಕೆಳಗಿಳಿದು ಬೆವರು, ಕೈನಡುಕ, ತಲೆಸುತ್ತು ಬರಬಹುದು. ಇನ್ನು ರಸದಲ್ಲಿ ಸೊನೆ ಬೆರೆತಿದ್ದರೆ ಭೇದಿಯಾಗಿ ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಲ್ಲಿ ಅದು ಮೊದಲೇ ಕಡಿಮೆ ಇರಬಹುದು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಪ್ರಾಣಕ್ಕೇ ಬರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದವರೂ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಇಷ್ಟಾದ ಮೇಲೂ ನಿಮ್ಮ ವೈದ್ಯರು ಒಪ್ಪಿದರೆ, ಮೇಲೆ ಹೇಳಿದಂತೆ ತೊಳೆದ ಕಹಿಯಿಲ್ಲದ ಲೋಳೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಮಿ.ಲೀ., ತಿಂಡಿಯ ಜೊತೆ ಸಾಕು. ಮೊದಲ ಎರಡು ವಾರ ಮನೆಯ ಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳಿ. ಹೊಟ್ಟೆ ನುಲಿದರೆ, ಮೂತ್ರ ಕೆಂಪಾದರೆ ಸೊನೆ ಸೇರಿದೆ ಎಂದೇ ಅರ್ಥ, ಅಲ್ಲಿಗೇ ಬಿಡಿ. ಕಣ್ಣು, ಮೂತ್ರ ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಲೋಳೆಸರದ ಕಷಾಯ, ಗುಳಿಗೆಗಳಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ.

ಬಾಟಲಿ ರಸ ಕೊಳ್ಳುವವರು ಚೀಟಿ ಓದಬೇಕು. ಒಳಲೋಳೆಯ ರಸ ಬೇರೆ, ಇಡೀ ಎಲೆ ಅರೆದ ರಸ ಬೇರೆ. ಇಡೀ ಎಲೆಯದಾದರೆ ಇದ್ದಿಲಿನಲ್ಲಿ ಸೋಸಿ ಅಲೋಯಿನ್ ತೆಗೆದಿರಬೇಕು. ಕುಡಿಯುವ ರಸದಲ್ಲಿ ಅಲೋಯಿನ್ 10 ಪಿ.ಪಿ.ಎಂ., ಅಂದರೆ ಹತ್ತು ಲಕ್ಷ ಪಾಲಿಗೆ 10 ಪಾಲು, ಮೀರಬಾರದು ಎಂಬುದು ಈ ಉದ್ಯಮದವರೇ ಇಟ್ಟುಕೊಂಡ ಮಿತಿ. ಹಾಗೆ ಸೋಸದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಬೆರೆಸಿ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ. ಮಿಕ್ಸರಿಗೆ ಸಿಪ್ಪೆ ಸಮೇತ ಹಾಕಿ ತಿರುವಿ ಕುಡಿಯುವವರು ಇದನ್ನು ದಯವಿಟ್ಟು ಗಮನಿಸಬೇಕು.

ಪ್ರಶ್ನೆ: ಗಾಂಧಿ (ಗಿಡಮೂಲಿಕೆ) ಅಂಗಡಿಯಲ್ಲಿ ಮುಸಬ್ಬರ ಎಂದು ಕಪ್ಪು ಹರಳಿನಂಥದ್ದು ಕೊಡುತ್ತಾರೆ. ಇದು ಲೋಳೆಸರದಿಂದಲೇ ಮಾಡಿದ್ದೆ? ಹಿರಿಯರು ಉಳುಕಿಗೆ ಹಚ್ಚುತ್ತಾರೆ, ಮಗುವಿನ ಮೊಲೆಹಾಲು ಬಿಡಿಸಲು ಹಚ್ಚುತ್ತಾರೆ, ಮುಟ್ಟು ನಿಂತರೆ ಹೊಟ್ಟೆಗೂ ಕೊಡುತ್ತಾರೆ. ಇದೆಲ್ಲ ಸರಿಯೇ? (ಬೀದರ)

ಉತ್ತರ: ಹೌದು, ಅದೇ ಹಳದಿ ಸೊನೆ ಒಣಗಿದ್ದು. ಎಲೆಗಳನ್ನು ಬುಡ ಕೆಳಗೆ ಮಾಡಿ ಓರೆ ತೊಟ್ಟಿಯಲ್ಲಿ ಜೋಡಿಸಿ, ತಾನಾಗಿ ಸುರಿದ ಸೊನೆಯನ್ನು ಹಿಂಡದೆ ಕೂಡಿಸಿ, ಸಣ್ಣ ಉರಿಯಲ್ಲಿ ಇಂಗಿಸುತ್ತಾರೆ. ಬೆಲ್ಲದ ಪಾಕದಂತೆ ಗಟ್ಟಿಯಾದಾಗ ಅಚ್ಚಿಗೆ ಸುರಿದರೆ ಆರಿ ಕಪ್ಪು ಕಂದು ಗಟ್ಟಿಯಾಗುತ್ತದೆ. ಕನ್ನಡದಲ್ಲಿ ಕರಿಬೋಳ, ಸಂಸ್ಕೃತದಲ್ಲಿ ಕನ್ಯಾಸಾರ, ನಿಮ್ಮ ಊರಿನ ಹಕೀಮರ ಬಾಯಲ್ಲಿ ಸಿಬ್ರ್ ಅಥವಾ ಏಲುವಾ, ಎಲ್ಲವೂ ಇದೇ. ಗುಜರಾತಿನ ಜಾಫರಾಬಾದಿನ ಮುಸಬ್ಬರ ಹಿಂದಿನಿಂದ ಹೆಸರಾದದ್ದು. ದಕ್ಷಿಣ ಆಫ್ರಿಕದ, ಸೊಕೋತ್ರ ದ್ವೀಪದ ಬೇರೆ ಆಲೋಗಳಿಂದಲೂ ಮಾಡುತ್ತಾರೆ.

ನಿಮ್ಮ ಮೂರು ಬಳಕೆಗಳಿಗೆ ಮೂರು ಬೇರೆ ಉತ್ತರ. ಉಳುಕಿಗೆ ಹಚ್ಚುವುದರಲ್ಲಿ ಅಡ್ಡಿಯಿಲ್ಲ. ಕಡಲೆಕಾಳಿನಷ್ಟು ತುಂಡನ್ನು ಬಿಸಿನೀರಿನಲ್ಲಿ ತೇಯ್ದು, ಊದಿದ ಕಡೆ ತೆಳ್ಳಗೆ ಪಟ್ಟು ಹಾಕುತ್ತಾರೆ. ಒಣಗುತ್ತ ಅದು ಬಿಗಿದು ಕೀಲು ಅಲುಗದಂತೆ ಹಿಡಿಯುತ್ತದೆ. ಚರ್ಮ ಕಿತ್ತಿದ್ದರೆ ಹಚ್ಚಬಾರದು. ಕಾಲೂರಲು ಬಾರದಿದ್ದರೆ, ಮೂಳೆಯ ಮೇಲೆ ಒತ್ತಿದಾಗ ಜೀವ ಹೋದಂತಾದರೆ, ಮೊದಲು ಎಕ್ಸ್‌ರೇ.

ಹಾಲು ಬಿಡಿಸಲು ಮೊಲೆತೊಟ್ಟಿಗೆ ಹಚ್ಚುವುದನ್ನು ನಿಲ್ಲಿಸಬೇಕು. ಕಹಿಗೆ ಹೆದರಿ ಮಗು ಬಾಯಿ ತೆಗೆಯುವ ಮುಂಚೆ ಒಂದಿಷ್ಟು ನುಂಗಿಯೇ ಇರುತ್ತದೆ. ದೊಡ್ಡವರಿಗೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ವಿರೇಚಕ ಇದು; ಹತ್ತು ಕಿಲೋ ತೂಗದ ಮಗುವಿಗೆ ಹೊಟ್ಟೆನೋವು, ನೀರುಭೇದಿ ಆದರೆ ಬೇಸಿಗೆಯಲ್ಲಿ ಮೈಯ ನೀರು ಬತ್ತಲು ಹೊತ್ತು ಬೇಕಿಲ್ಲ. ದಿನಕ್ಕೆ ಒಂದೊಂದೇ ಹೊತ್ತಿನ ಹಾಲನ್ನು ಕಡಿಮೆ ಮಾಡುತ್ತ, ಆ ಹೊತ್ತಿಗೆ ಗಂಜಿಯೋ ಮೆತ್ತನ್ನ ಅನ್ನವೋ ಕೊಟ್ಟು ಬಿಡಿಸಿ.

ಮುಟ್ಟಿನ ವಿಷಯ ಇನ್ನೂ ಎಚ್ಚರದ್ದು. ಕನ್ಯಾಸಾರವು ಕಾಸೀಸ (ಕಬ್ಬಿಣದ ಲವಣ), ಇಂಗು, ಬಿಳಿಗಾರದ ಜೊತೆ ರಜಃಪ್ರವರ್ತಿನಿ ವಟಿ ಎಂಬ ಆಯುರ್ವೇದ ಗುಳಿಗೆಯಲ್ಲಿ ಇದೆ, ವೈದ್ಯರು ನಾಡಿ ನೋಡಿ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಕೊಡುವ ಔಷಧ ಅದು. ಮನೆಯಲ್ಲಿ ಅಂದಾಜಿನಿಂದ ಕೊಡುವುದು ಬೇರೆ ಮಾತು. ಮುಟ್ಟು ನಿಲ್ಲಲು ಗರ್ಭವೇ ಕಾರಣವಾಗಿದ್ದರೆ ರಕ್ತಸ್ರಾವ, ಗರ್ಭಪಾತ ಆಗಬಹುದು. ಮೊದಲು ಮೂತ್ರ ಪರೀಕ್ಷೆ, ಆಮೇಲೆ ರಕ್ತಹೀನತೆ, ಥೈರಾಯ್ಡ್ ನೋಡಿಸಿ. ಗರ್ಭಿಣಿಯರು, ಹಾಲೂಡುವ ತಾಯಂದಿರು, 12 ವರ್ಷದೊಳಗಿನ ಮಕ್ಕಳು, ಮೂಲವ್ಯಾಧಿಯಲ್ಲಿ ರಕ್ತ ಹೋಗುವವರು, ಕರುಳಿನ ಹುಣ್ಣಿನವರು ಮುಸಬ್ಬರ ನುಂಗಲೇಬಾರದು. ಬಾಣಂತಿಯರಿಗೆ ಲೋಳೆಸರದ ಉಂಡಿ ಕಟ್ಟಿ ಕೊಡುವ ಮನೆಗಳಿಗೂ ಇದೇ ಮಾತು, ಸೊನೆಯ ಅಂಶ ಹಾಲಿಗೆ ಇಳಿಯುತ್ತದೆ.

ಮಲಬದ್ಧತೆಗೆಂದು ನುಂಗುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಅಲೋಯಿನ್ ಹೊಟ್ಟೆಯಲ್ಲಿ ಕೆಲಸ ಮಾಡುವುದಿಲ್ಲ. ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದ ಮೇಲೆಯೇ ಭೇದಿ. ಅದಕ್ಕೆ 8ರಿಂದ 12 ತಾಸು ಬೇಕು. ರಾತ್ರಿ ನುಂಗಿ, ನಾಲ್ಕು ತಾಸಿನಲ್ಲಿ ಏನೂ ಆಗಲಿಲ್ಲವೆಂದು ಮತ್ತೊಂದು ತುಂಡು ನುಂಗಿದವರು ಮರುದಿನ ಏಳಲಾರದಷ್ಟು ಸುಸ್ತಾಗುತ್ತಾರೆ. ಯುನಾನಿಯಲ್ಲಿ ಸಿಬ್ರ್ ಕೊಡುವಾಗ ನುಲಿತ ತಡೆಯಲು ಕತೀರಾ ಗೋಂದು, ಗುಲಾಬಿ, ಮಸ್ತಗಿ ಕೂಡಿಸುವುದು ಈ ತೀಕ್ಷ್ಣತೆ ಗೊತ್ತಿದ್ದೇ. ವೈದ್ಯರು ಕೊಟ್ಟಾಗಲೂ ಒಂದೆರಡು ವಾರ ಮೀರಿ ಮುಂದುವರಿಸಬಾರದು, ಕರುಳು ಅದಿಲ್ಲದೆ ಅಲುಗದ ಚಾಳಿಗೆ ಬೀಳುತ್ತದೆ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಭೇದಿ ಔಷಧಿಗಳ ಪಟ್ಟಿಯಿಂದ 2002ರಲ್ಲೇ ಇದನ್ನು ತೆಗೆದರು, ಸುರಕ್ಷಿತವೆಂದು ತೋರಿಸುವ ದಾಖಲೆಯನ್ನು ಯಾವ ತಯಾರಕರೂ ಕೊಡಲಿಲ್ಲ.

ಅಂಗಡಿಯದರಲ್ಲಿ ಕಾಚು, ಬೇರೆ ಅಂಟು ಬೆರೆಸಿ ಮಾರುವುದುಂಟು. ಶಾಲೆಯ ಪ್ರಯೋಗಾಲಯ ಇದ್ದರೆ ಪರೀಕ್ಷಿಸಬಹುದು: 1 ಗ್ರಾಂ ಪುಡಿಯನ್ನು 100 ಮಿ.ಲೀ. ಕುದಿನೀರಿನಲ್ಲಿ ಕರಗಿಸಿ ಸೋಸಿ, ಆ ನೀರು 5 ಮಿ.ಲೀ.ಗೆ 0.2 ಗ್ರಾಂ ಬಿಳಿಗಾರ ಹಾಕಿ ಕರಗುವಂತೆ ಕಾಯಿಸಿ, ಅದರ ಕೆಲವು ಹನಿಗಳನ್ನು ನೀರು ತುಂಬಿದ ಗಾಜಿನ ನಳಿಗೆಗೆ ಬಿಡಿ. ಅಸಲಿಯಾದರೆ ಹಸಿರು ಹೊಳಪು ಕಾಣುತ್ತದೆ.

ಪ್ರಶ್ನೆ: ರೊಟ್ಟಿ ಹಂಚು ತಾಕಿ ಕೈ ಸುಟ್ಟರೆ ಕೂಡಲೇ ಲೋಳೆಸರ ಹಚ್ಚಬಹುದೇ? (ಸೇಡಂ)

ಉತ್ತರ: ಕೂಡಲೇ ಬೇಡ. ಮೊದಲು ತಣ್ಣೀರು, 20 ನಿಮಿಷ. ಒಳಗೆ ಇಳಿದ ಕಾವು ತೆಗೆಯುವುದು ನೀರೇ ಹೊರತು ಲೋಳೆ ಅಲ್ಲ. ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನಲ್ಲಿಯಿಂದ ಬರುವುದೇ ಬಿಸಿನೀರು, ಹಾಗಾಗಿ ಹರವಿಯ ನೀರನ್ನು ಚರಿಗೆಯಿಂದ ಮೇಲಿಂದ ಮೇಲೆ ಸುರಿಯಿರಿ. ಬರ್ಫ ಇಡಬೇಡಿ, ಸುಟ್ಟ ಚರ್ಮಕ್ಕೆ ಅದು ಎರಡನೇ ಗಾಯ. ಬಳೆ, ಉಂಗುರ ಊದುವ ಮುಂಚೆ ತೆಗೆಯಿರಿ. ಚರ್ಮ ಕೆಂಪಾಗಿ ಉರಿಯುತ್ತಿದ್ದು ಬೊಬ್ಬೆ ಇಲ್ಲದಿದ್ದರೆ ಮಾತ್ರ, ತೊಳೆದ ತಿಳಿ ಲೋಳೆಯನ್ನು ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಹಚ್ಚಿ. ಇಂಥ ಮೇಲ್ಪದರದ ಸುಟ್ಟಗಾಯಕ್ಕೆ ಲೋಳೆ ಒಳ್ಳೆಯದು. ಬೊಬ್ಬೆ ಒಡೆದಿದ್ದರೆ ಅಂಗಳದ ಎಲೆ ಹಚ್ಚಬಾರದು. ಅದರ ಮೇಲಿನ ಧೂಳು, ಬ್ಯಾಕ್ಟೀರಿಯಾ ಗಾಯಕ್ಕೆ ಸೇರಿ ಕೀವಾಗುತ್ತದೆ. ಮುಖ, ಕಣ್ಣು, ಕೀಲು, ಗುಪ್ತಾಂಗ ಸುಟ್ಟರೆ, ಅಂಗೈಗಿಂತ ಅಗಲ ಸುಟ್ಟರೆ, ಮಗು ಸುಟ್ಟುಕೊಂಡರೆ, ನೀರು ಸುರಿದು ನೇರ ಆಸ್ಪತ್ರೆಗೆ. ಹಲ್ಲಿನ ಪೇಸ್ಟು, ಶಾಯಿ ಯಾವುದಕ್ಕೂ ಬೇಡ.

ಪ್ರಶ್ನೆ: ನಮ್ಮ ದೇವಣಿ ಆಕಳ ಕೆಚ್ಚಲ ಬಾತದ, ಹಾಲು ಒಡದಂಗ ಬರ್ತದ. ಲೋಳಸರ, ಅರಿಶಿಣ, ಸುಣ್ಣ ಅರದು ಹಚ್ಚರಿ ಅಂತ ಹೇಳ್ಯಾರ. ಪ್ರಮಾಣ ಎಷ್ಟು, ಹೆಂಗ ಹಚ್ಚಬೇಕ್ರಿ? (ಔರಾದ)

ಉತ್ತರ: ಇದು ಕೆಚ್ಚಲು ಬಾವು. ನೀವು ಕೇಳಿದ ಮದ್ದು ಪರಂಪರೆಯದೇ; ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ರೈತರಿಗೆ ಇದನ್ನು ಹೇಳಿಕೊಡುತ್ತದೆ. ಒಂದು ದಿನಕ್ಕೆ ಬೇಕಾದದ್ದು ಲೋಳೆಸರದ ಎಲೆ 250 ಗ್ರಾಂ, ಅರಿಶಿಣ ಪುಡಿ 50 ಗ್ರಾಂ, ಎಲೆಅಡಿಕೆಗೆ ಹಚ್ಚುವ ಸುಣ್ಣ 15 ಗ್ರಾಂ.

ಎಲೆಯ ಮುಳ್ಳಿನ ಅಂಚು ಮಾತ್ರ ಸವರಿ, ಸಿಪ್ಪೆ ಸಮೇತ ತುಂಡು ಮಾಡಿ ಮೂರನ್ನೂ ಕೂಡಿಸಿ ಅರೆಯಿರಿ. ಮನುಷ್ಯರಿಗೆ ಹೇಳಿದಂತೆ ಇಲ್ಲಿ ಸೊನೆ ಬಸಿಯಬೇಕಿಲ್ಲ, ಮೈಮೇಲೆ ಹಚ್ಚುವ ಮದ್ದು ಇದು. ಅರೆದದ್ದು ಇಟ್ಟಿಗೆಯಂಥ ಕೆಂಪು ಬಣ್ಣಕ್ಕೆ ತಿರುಗಬೇಕು, ಅರಿಶಿಣ ಸುಣ್ಣದ ಕ್ಷಾರಕ್ಕೆ ಕೆಂಪಾಗುವುದೇ ಗುರುತು. ಹಳದಿಯಾಗಿಯೇ ಉಳಿದರೆ ನಿಮ್ಮ ಸುಣ್ಣ ಹಳೆಯದು, ಗಾಳಿಗೆ ಸತ್ತು ಸೀಮೆಸುಣ್ಣವಾಗಿದೆ, ಹೊಸದು ತನ್ನಿ. ಹೆಚ್ಚು ಹಾಕಿದರೆ ಬೇಗ ಗುಣ ಎಂದು ಸುಣ್ಣದ ಅಳತೆ ಮೀರಬೇಡಿ, ಕೆಚ್ಚಲ ಮೆತ್ತನೆ ಚರ್ಮ ಬೆಂದು ಬಿರಿಯುತ್ತದೆ. ಆಮೇಲೆ ಆಕಳು ಕೈ ಮುಟ್ಟಿಸಿಕೊಳ್ಳುವುದಿಲ್ಲ.

ಹಚ್ಚುವ ಮುಂಚೆ ಬಾತ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ತೆಗೆಯಿರಿ. ಈ ಹಾಲನ್ನು ಕರುವಿಗೆ ಬಿಡಬೇಡಿ, ಕೊಟ್ಟಿಗೆಯಲ್ಲಿ ಚೆಲ್ಲಬೇಡಿ, ದೂರದಲ್ಲಿ ಹೂಳಿ. ಕೆಚ್ಚಲು ತೊಳೆದು ಒರೆಸಿ. ಮುಷ್ಟಿಯಷ್ಟು ಮದ್ದಿಗೆ 150ರಿಂದ 200 ಮಿ.ಲೀ. ನೀರು ಬೆರೆಸಿ ತೆಳುವಾಗಿಸಿ, ಬಾತ ಭಾಗಕ್ಕಷ್ಟೇ ಅಲ್ಲ, ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ ಹತ್ತು ಸಲ, ಐದು ದಿನ. ಇಲ್ಲೇ ಎಲ್ಲರೂ ಸೋಲುವುದು. ಮುಂಜಾನೆ ಸಂಜೆ ಎರಡು ಸಲ ಹಚ್ಚಿ ಗುಣವಾಗಲಿಲ್ಲ ಎನ್ನುತ್ತಾರೆ. ಮದ್ದು ಒಣಗಿ ಉದುರಿದ ಮೇಲೆ ಅದರ ಕೆಲಸವೂ ಮುಗಿಯಿತು, ತೇವವಾಗಿ ತಾಕಿಕೊಂಡಿದ್ದರಷ್ಟೇ ಗುಣ. ಪ್ರತಿ ಸಲ ಹಳೆಯದನ್ನು ತೊಳೆದು ಹಚ್ಚಿ. ಜೊತೆಗೆ ಎರಡು ನಿಂಬೆಹಣ್ಣು ಹೋಳು ಮಾಡಿ, ದಿನಕ್ಕೆ ಎರಡು ಹೊತ್ತು, ಮೂರು ದಿನ ತಿನ್ನಿಸಿ. ಹಾಲಿನಲ್ಲಿ ರಕ್ತ ಬಂದರೆ ಎರಡು ಮುಷ್ಟಿ ಕರಿಬೇವನ್ನು ಬೆಲ್ಲದ ಜೊತೆ ಅರೆದು ಎರಡು ಹೊತ್ತು ತಿನ್ನಿಸುವುದುಂಟು. ಮದ್ದನ್ನು ದಿನಾ ಹೊಸದಾಗಿ ಅರೆಯಿರಿ.

ಆಕಳಿಗೆ ಜ್ವರ ಇದ್ದರೆ, ಮೇವು ಬಿಟ್ಟಿದ್ದರೆ, ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದ್ದರೆ ಕಾಯಬೇಡಿ, ಅದೇ ದಿನ ಪಶುವೈದ್ಯರನ್ನು ಕರೆಯಿರಿ. ಕೊಳೆಯುವ ಬಾವು ಒಂದೆರಡು ದಿನದಲ್ಲಿ ಜೀವ ತೆಗೆಯುತ್ತದೆ. ಎರಡು ದಿನದಲ್ಲಿ ಬಾವು ಇಳಿಯದಿದ್ದರೂ ಕರೆಯಿರಿ. ಬೀದರದಲ್ಲೇ ಪಶುವೈದ್ಯ ವಿಶ್ವವಿದ್ಯಾಲಯ ಇರುವುದು ನಿಮ್ಮ ಭಾಗದ ಅನುಕೂಲ. ಮತ್ತೆ ಬಾರದಂತೆ ಮಾಡಲು, ಹಿಂಡಿದ ಕೂಡಲೇ ಮುಂದೆ ಮೇವು ಹಾಕಿ ಅರ್ಧ ತಾಸು ಆಕಳು ನಿಂತೇ ಇರುವಂತೆ ನೋಡಿಕೊಳ್ಳಿ. ಹಿಂಡಿದ ಮೇಲೆ ಮೊಲೆಯ ಕಂಡಿ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ, ಆಗ ಸಗಣಿಯಲ್ಲಿ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ.

ಪ್ರಶ್ನೆ: ದೃಷ್ಟಿಯಾಗಬಾರದೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಇಲ್ಲದೆ ತಿಂಗಳುಗಟ್ಟಲೆ ಬದುಕುವುದು ಹೇಗೆ? ಅದು ರಾತ್ರಿ ಆಮ್ಲಜನಕ ಬಿಡುತ್ತದಂತೆ, ನಿಜವೇ? (ಸುರಪುರ)

ಉತ್ತರ: ಬಹಳ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ, ಅದೇ ದಾರಿಯಿಂದ ನೀರೂ ಆವಿಯಾಗುತ್ತದೆ. ಲೋಳೆಸರ ಬಿಸಿಲಿನ ಹೊತ್ತು ರಂಧ್ರ ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಎಳೆದುಕೊಂಡದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಲ್ಲಿ ರಂಧ್ರ ಮುಚ್ಚಿಕೊಂಡೇ ಬೆಳಕಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಹೀಗಾಗಿ ನೀರು ಹೋಗುವುದು ತೀರ ಕಡಿಮೆ. ಬಾಗಿಲಿನ ಗಿಡ ತನ್ನ ಲೋಳೆಯಲ್ಲಿದ್ದ ನೀರನ್ನೇ ತಿಂದು ಬದುಕುತ್ತದೆ. ಹೊರಗಿನ ಎಲೆಗಳು ಸುಕ್ಕಾಗಿ ಒಣಗುವುದನ್ನು, ಸುಳಿ ಹಸಿರಾಗಿಯೇ ಇರುವುದನ್ನು ನೀವೇ ನೋಡಬಹುದು. ಇಳಿಸಿ ನೆಟ್ಟರೆ ಮತ್ತೆ ಬೇರು ಬಿಡುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗ ಮಾತ್ರ. ರಾತ್ರಿ ಈ ಗಿಡ ಮಾಡುವುದು ಇಂಗಾಲದ ಡೈಆಕ್ಸೈಡ್ ಹೀರುವ ಕೆಲಸ, ಅದೂ ಮಲಗುವ ಕೋಣೆಯ ಗಾಳಿಗೆ ಲೆಕ್ಕಕ್ಕೆ ಬಾರದಷ್ಟು.

ಪ್ರಶ್ನೆ: ನಮ್ಮದು ಎರಿ ಭೂಮಿ. ಒಂದು ಎಕರೆ ಲೋಳೆಸರ ಹಚ್ಚಬೇಕೆಂದಿದ್ದೇನೆ. ಪರೀಕ್ಷೆಗೆ ಹಚ್ಚಿದ ಗಿಡಗಳು ಮಳೆಗಾಲದಲ್ಲಿ ಬುಡ ಕೊಳೆತು ನಾತ ಬಂದವು. ಏನು ತಪ್ಪು? (ಜೇವರ್ಗಿ)

ಉತ್ತರ: ತಪ್ಪು ನೆಲದ್ದು. ಲೋಳೆಸರದ ಬೇರು ಮೇಲೆಯೇ ಹರಡುವಂಥದ್ದು, ಅದಕ್ಕೆ ಗಾಳಿ ಬೇಕು. ಎರಿ ಮಣ್ಣು ನೆನೆದಾಗ ಉಬ್ಬಿ ಗಾಳಿಯ ಸಂದುಗಳೆಲ್ಲ ಮುಚ್ಚುತ್ತವೆ. ಬೆಚ್ಚಗಿನ ಹಸಿಯಲ್ಲಿ ಬ್ಯಾಕ್ಟೀರಿಯಾ ಸೇರಿ ಬುಡ ಮೆತ್ತಗಾಗಿ ನಾರುತ್ತದೆ. ಕೊಳೆತ ಗಿಡಕ್ಕೆ ಮದ್ದಿಲ್ಲ. ಸುತ್ತಲಿನ ಮಣ್ಣಿನ ಸಮೇತ ಕಿತ್ತು ಹೊಲದ ಹೊರಗೆ ಸುಡಿ, ತಿಪ್ಪೆಗೆ ಹಾಕಬೇಡಿ.

ಗರಸು ಭೂಮಿ, ಬೀದರ ಕಡೆಯ ಕೆಮ್ಮಣ್ಣು, ಮರಡಿಯ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದವು. ಎರಿಯಲ್ಲೇ ಹಚ್ಚುವುದಾದರೆ ಒಂದಡಿ ಎತ್ತರದ ಏರುಮಡಿ ಕಟ್ಟಿ, ನಡುವೆ ನೀರು ಹರಿದುಹೋಗುವ ಕಾಲುವೆ ಬಿಡಿ. ನಮ್ಮಲ್ಲಿ ಸೆಪ್ಟೆಂಬರ್ ಮಳೆಯೇ ಜೋರು, ಆದ್ದರಿಂದ ಎರಿಯಲ್ಲಿ ಅದು ಕಳೆದ ಮೇಲೆ ಅಕ್ಟೋಬರಿನಲ್ಲಿ ನಾಟಿ ಮಾಡುವುದು ಲೇಸು, ಗರಸಿನಲ್ಲಾದರೆ ಜುಲೈ. ಆರೆಂಟು ಇಂಚಿನ, ನಾಲ್ಕೈದು ಎಲೆಯ ಮರಿಗಳನ್ನು ಕಿತ್ತು ಎರಡು ಮೂರು ದಿನ ನೆರಳಲ್ಲಿ ಹರವಿ, ಗಾಯ ಒಣಗಿದ ಮೇಲೆ ನೆಡಿ. ಎರಡಡಿಗೆ ಎರಡಡಿ ಅಂತರವಿಟ್ಟರೆ ಎಕರೆಗೆ ಹನ್ನೊಂದು ಸಾವಿರದ ಹತ್ತಿರ ಮರಿ ಬೇಕು. ಕಳಿತ ಕೊಟ್ಟಿಗೆ ಗೊಬ್ಬರ ಆರೇಳು ಟನ್ನು. ಬೇರಷ್ಟೇ ಮಣ್ಣಲ್ಲಿ ಇರಲಿ, ಸುಳಿಗೆ ಮಣ್ಣು ತುಂಬಿದರೆ ಅಲ್ಲಿಂದಲೇ ಕೊಳೆ. ಮೊದಲ ನೀರು ನಾಲ್ಕೈದು ದಿನ ಬಿಟ್ಟು. ಯಾದಗಿರಿ ಕಡೆ ಕಾಲುವೆ ಕೊನೆಯ ಸವಳು ಹೊಲಗಳಿಗೆ ಇದು ಒಗ್ಗುತ್ತದೆ ಎನ್ನುವವರಿದ್ದಾರೆ. ಉಪ್ಪನ್ನು ಒಂದಿಷ್ಟು ತಾಳುತ್ತದೆ ನಿಜ, ಜವಳನ್ನು ತಾಳುವುದಿಲ್ಲ. ಆ ಹೊಲಗಳಲ್ಲಿ ಎರಡೂ ಇರುತ್ತವೆ.

ವರ್ಷದ ಹೊತ್ತಿಗೆ ಮೊದಲ ಕೊಯ್ಲು. ಗಿಡಕ್ಕೆ ಕೆಳಗಿನ ಮೂರು ನಾಲ್ಕು ಎಲೆ, ವರ್ಷಕ್ಕೆ ಎರಡು ಮೂರು ಸಲ. ಐದು ವರ್ಷ ಬೆಳೆ ನಿಲ್ಲುತ್ತದೆ. ಆದರೆ ಒಂದು ಎಕರೆ ಹಚ್ಚುವ ಮುಂಚೆ ಕೊಳ್ಳುವವರನ್ನು ಹುಡುಕಿ, ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ತೊಗರಿಯಂತೆ ಚೀಲ ಕಟ್ಟಿ ಬೆಲೆ ಬರುವ ತನಕ ಇಡುವ ಮಾಲಲ್ಲ ಇದು. ಕೊಯ್ದ ಎಲೆ ಬಿಸಿಲಿಗೆ ಗಂಟೆಗಳಲ್ಲೇ ಲೋಳೆಯ ಜಿಗುಟು ಕಳೆದುಕೊಳ್ಳತೊಡಗುತ್ತದೆ, ತೂಕವೆಲ್ಲ ನೀರಾದ್ದರಿಂದ ದೂರದ ಸಾಗಾಣಿಕೆಯ ಖರ್ಚೇ ಲಾಭ ತಿನ್ನುತ್ತದೆ. ಮರಿ ಮಾರುವವರು ಕೊಡುವ ಮರುಖರೀದಿ ಭರವಸೆಯನ್ನು, ಅವರ ಸಂಸ್ಕರಣಾ ಘಟಕ ಕಣ್ಣಾರೆ ನೋಡದೆ ನಂಬಬೇಡಿ.

ಪ್ರಶ್ನೆ: ಮಾಳಿಗೆ ಮೇಲಿನ ಕುಂಡದ ಗಿಡ ಏಪ್ರಿಲ್‌ನಲ್ಲಿ ಕೆಂಪು ಕಂದು ಬಣ್ಣಕ್ಕೆ ತಿರುಗಿದೆ. ಹೂ ಬಿಟ್ಟಿತ್ತು, ಬೀಜ ಕಟ್ಟಲಿಲ್ಲ. ರೋಗವೇ? (ಶಹಾಪುರ)

ಉತ್ತರ: ರೋಗವಲ್ಲ. ಶಹಾಬಾದ ಫರಸಿ ಹಾಸಿದ ಮಾಳಿಗೆ ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಹೆಚ್ಚಿದ ಬೆಳಕನ್ನು ತಡೆಯಲು ಎಲೆ ಕೆಂಪು ವರ್ಣದ್ರವ್ಯ ಮಾಡಿಕೊಳ್ಳುತ್ತದೆ. ಕುಂಡವನ್ನು ಇಟ್ಟಿಗೆ ಮೇಲೆ ಎತ್ತರಿಸಿ, ಮಧ್ಯಾಹ್ನದ ನೆರಳು ಸಿಗುವಲ್ಲಿಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೂತಿನಿಂದ ಸೋರುವಷ್ಟು ನೀರು ಕೊಡಿ, ಕೆಳಗೆ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಕೆಲವು ವಾರಗಳಲ್ಲಿ ಹಸಿರು ಮರಳುತ್ತದೆ. ಎಲೆಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸಿ.

ಬೀಜದ ವಿಷಯ: ಲೋಳೆಸರ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಒಂದೇ ತಾಯಿಯ ಮರಿಗಳೆಲ್ಲ ಒಂದೇ ಗಿಡವಿದ್ದಂತೆ, ಸೂರಕ್ಕಿ ಬಂದು ಹೂವಿಂದ ಹೂವಿಗೆ ಹಾರಿದರೂ ಪ್ರಯೋಜನವಿಲ್ಲ. ಬೀಜಕ್ಕಾಗಿ ಕಾಯದೆ, ಹೂ ಬಾಡಿದ ದಂಟನ್ನು ಬುಡಕ್ಕೆ ಕತ್ತರಿಸಿ, ಪಕ್ಕದಲ್ಲಿ ಬಂದ ಮರಿಗಳನ್ನು ಬೇರೆ ಕುಂಡಕ್ಕೆ ಹಾಕಿಕೊಳ್ಳಿ.